ಮಿಲಿಮೀಟರಿನ ಬಾಲ

ಪಶ್ಚಿಮಘಟ್ಟದ ಬುಡದ ಕೆರಾಡಿಯಂಥ ಊರಿನ ಮಳೆಯನ್ನೂ ಹೊಳೆಯ ಮಟ್ಟವನ್ನೂ ಚದುರು ನಕ್ಷೆಗೆ, ಅಂದರೆ ಎರಡು ಅಳತೆಗಳ ಸಂಬಂಧವನ್ನು ಚುಕ್ಕಿಗಳಲ್ಲಿ ತೋರುವ ಚಿತ್ರಕ್ಕೆ, ಇಳಿಸಹೊರಟವರನ್ನು ಜಡಿಮಳೆಗಿಂತ ಹೆಚ್ಚು ಕಾಡುವುದು ಅಂಕಿಯ ಹಿಂದಿನ 'ಮಿ.ಮೀ.' ಎಂಬ ಬಾಲ. ಆ ಬಾಲ ಕಂಡೊಡನೆ ತಂತ್ರಾಂಶವು '100 ಮಿ.ಮೀ.' ಎಂಬುದನ್ನು ಸಂಖ್ಯೆಯೆಂದು ಒಪ್ಪದೆ ಪಠ್ಯವೆಂದು, ಅಂದರೆ ಕೂಡಿ ಕಳೆಯಲಾಗದ ಬರೀ ಅಕ್ಷರಗಳ ಸಾಲೆಂದು ಬಗೆದು, ನಕ್ಷೆಯಲ್ಲಿ ಕೆಳಗಿನಿಂದ ಮೇಲಕ್ಕೆ ನಿಘಂಟಿನ ಕ್ರಮದಲ್ಲಿ ಜೋಡಿಸುವಾಗ 100ರ ಮೇಲೆ 20ನ್ನೂ ಅದರ ಮೇಲೆ 9ನ್ನೂ ಕೂರಿಸುತ್ತದೆ; ಹೀಗಾಗಿ ಗದ್ದೆ ಮುಳುಗಿಸುವ ಮಳೆ ಕೆಳಗೆ ಮುದುಡಿ, ಊರವರು ಕೊಡೆ ಬಿಚ್ಚಲೂ ಬೇಸರಪಡುವ ಮಳೆ ಮೇಲೇರಿ ಮೆರೆಯುತ್ತದೆ. ಬಾಲ ಕತ್ತರಿಸಿದರೂ ಕಣ್ಣಿಗೆ ಕಾಣದ ಖಾಲಿ ಜಾಗವೊಂದು ಅದೇ ಕಿತಾಪತಿ ಮಾಡಬಲ್ಲದು. ಅಳತೆಯ ಹೆಸರನ್ನು ತಲೆಬರಹಕ್ಕೆ ಅಟ್ಟಿ, ಖಾಲಿ ಜಾಗ ಅಳಿಸಿ, ಕಾಲಮ್ಮಿನ ದತ್ತಾಂಶ ಪ್ರಕಾರವನ್ನು ಸಂಖ್ಯೆಯೆಂದು ಬದಲಿಸಿದರೆ ಚುಕ್ಕಿಗಳಿಗೆ ಬುದ್ಧಿ ಬರುತ್ತದೆ. ಅಷ್ಟರಲ್ಲಿ ಕರೆಂಟು ಹೋಗದಿದ್ದರೆ ಅದು ಮಳೆರಾಯನ ಕೃಪೆ.