ಒಂದು ವರ್ಷ ಸೀನಿಯರ್

ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದಲು ಹೊರಟ ಹಾಸನದ ಹುಡುಗನಿಗೆ ವೀಸಾ ಸಿಗುವ ಮುಂಚೆಯೇ ಒಬ್ಬ ಸೀನಿಯರಣ್ಣ ಸಿಕ್ಕಿರುತ್ತಾನೆ. ವಯಸ್ಸಿನಲ್ಲಿ ತುಸುವೇ ದೊಡ್ಡವನು, ಅಲ್ಲಿಗೆ ಹೋಗಿ ಒಂದೇ ವರ್ಷವಾಗಿದೆ. ಆದರೆ ವಾಟ್ಸಾಪಿನಲ್ಲಿ ಅವನ ದನಿ ಕೇಳಿದವರಿಗೆ, ಇಂಡಿಯಾನಾ ರಾಜ್ಯದ ಹೊಲಗಳಿಗೆ ಮೊದಲ ನೇಗಿಲು ಹೂಡಿದವನೇ ಇವನಿರಬೇಕು ಅನ್ನಿಸುತ್ತದೆ. "ಮಗಾ, ಬೆಡ್‌ಶೀಟ್ ತರಬೇಡ, ಇಲ್ಲಿ ಸಿಗುತ್ತೆ. ಕುಕ್ಕರ್ ತಾ. ಗ್ಯಾಸ್ಕೆಟ್ ಮರೀಬೇಡ. ನಂಗೂ ಒಂದು." 23 ಕೆ.ಜಿ.ಯ ಎರಡು ಸೂಟ್‌ಕೇಸುಗಳಲ್ಲಿ ಒಂದರ ಮುಕ್ಕಾಲು ಪಾಲನ್ನು ಈ 'ನಂಗೂ ಒಂದು'ಗಳೇ ನುಂಗಿಬಿಡುತ್ತವೆ.

ಚಿಕಾಗೋದ ಓಹೇರ್ ನಿಲ್ದಾಣಕ್ಕೆ ಯಾರದೋ ಕಾರು ಕಡ ತಂದು ಅವನೇ ಬಂದಿರುತ್ತಾನೆ. ಊರಿಗೆ ಎರಡು ಗಂಟೆಗೂ ಮೇಲ್ಪಟ್ಟ ದಾರಿ, ಇಕ್ಕೆಲಗಳಲ್ಲೂ ಮುಸುಕಿನ ಜೋಳ. ಹುಡುಗ ನಿದ್ದೆ ತಡೆಯಲಾರದೆ ತೂಗುತ್ತಿದ್ದರೂ ಪಾಠ ಶುರು. "ವಾಚು ಒಂದು ಗಂಟೆ ಮುಂದಕ್ಕಿಡು. ಚಿಕಾಗೋ ಟೈಮು ಬೇರೆ, ನಮ್ಮದು ಬೇರೆ." ಮಾತೇನೋ ನಿಜ, ಇಂಡಿಯಾನಾದ ಬಹುಭಾಗ ಪೂರ್ವ ವಲಯದ ಕಾಲಮಾನದಲ್ಲಿದೆ. ಆದರೆ ಆ ಕಾನೂನನ್ನು ತಾನೇ ಮುಂದೆ ನಿಂತು ಮಾಡಿಸಿದವನಂತೆ ಹೇಳುತ್ತಾನೆ. ಕಳೆದ ವರ್ಷ ಅದೇ ಒಂದು ಗಂಟೆಯ ದೆಸೆಯಿಂದ ತನಗೆ ಬಸ್ಸು ತಪ್ಪಿದ್ದನ್ನು ಮಾತ್ರ ಹೇಳುವುದಿಲ್ಲ. ಅವನ ಶಾಸ್ತ್ರವೆಲ್ಲ ಹುಟ್ಟಿದ್ದು ಹೀಗೆಯೇ. ಒಂದು ಪಾಡು ಪಟ್ಟ, ಒಂದು ಸೂತ್ರ ಬರೆದ.

ಆಗಸ್ಟಿನಲ್ಲಿ ಬಾಡಿಗೆ ಕರಾರು ಮುಗಿಸಿದ ಹುಡುಗರು ಸೋಫಾ, ಮೇಜುಗಳನ್ನು ರಸ್ತೆಬದಿಗಿಟ್ಟು ಹೊರಟುಬಿಡುತ್ತಾರೆ. ಅಣ್ಣನಿಗೆ ಅದು ಹಬ್ಬದ ವಾರ. ಕತ್ತಲಾದ ಮೇಲೆ ಜೂನಿಯರ್‌ಗಳನ್ನು ಕಟ್ಟಿಕೊಂಡು ಹೊರಡುತ್ತಾನೆ. ಸೋಫಾದ ಹೊಲಿಗೆ ಬಿಡಿಸಿ, ಮೊಬೈಲ್ ಟಾರ್ಚು ಬಿಟ್ಟು ತಿಗಣೆ ಹುಡುಕುವಾಗ ಅವನ ಮುಖದಲ್ಲಿ ಕಾಣುವ ಏಕಾಗ್ರತೆಯನ್ನು ಪ್ರಯೋಗಾಲಯದಲ್ಲಿ ಇದುವರೆಗೆ ಯಾರೂ ಕಂಡಿಲ್ಲ. "ಹೊಸದಾದ್ರೆ ಆರ್ನೂರು ಡಾಲರ್. ನಮ್ ದುಡ್ಡಲ್ಲಿ ಎಷ್ಟಾಯ್ತು, ಹೇಳು?" ಡಾಲರನ್ನು ರೂಪಾಯಿಗೆ ಗುಣಿಸಿದವನು ಇಲ್ಲಿ ಬದುಕಲಾರ ಎಂದು ಕಾರಿನಲ್ಲೇ ಉಪದೇಶ ಮಾಡಿದವನೂ ಈತನೇ.

ಅಡುಗೆಮನೆಯಲ್ಲಿ ಆಡಳಿತ ಇನ್ನೂ ಬಿಗಿ. ಒಗ್ಗರಣೆಗೆ ಇಬ್ಬರು ಬೇಕು: ಒಬ್ಬ ಬಾಣಲೆಯ ಹತ್ತಿರ, ಇನ್ನೊಬ್ಬ ಸ್ಮೋಕ್ ಅಲಾರಂ ಕೆಳಗೆ ಟವಲ್ ಹಿಡಿದು. ಮೆಣಸಿನಕಾಯಿ ಘಾಟು ಎದ್ದಿತೋ, ಟವಲಿನವನು ಬೀಸತಕ್ಕದ್ದು. ಈ ಸೂತ್ರದ ಹಿಂದಿನ ಪಾಡು ಊರಿಗೇ ಗೊತ್ತು. ಇಡೀ ಕಟ್ಟಡದವರು ಚಳಿಯಲ್ಲಿ ಹೊರಗೆ ನಿಂತು, ಅಗ್ನಿಶಾಮಕದವರು ಹೆಲ್ಮೆಟ್ ತೊಟ್ಟು ಒಳಗೆ ನುಗ್ಗಿ ನೋಡಿದರೆ, ತಿಳಿಸಾರು.

ಅಲ್ಲಿಯ ಚಳಿಗೂ ಲೆಕ್ಕ ಬೇರೆ. ಜನವರಿಯಲ್ಲಿ ಫೋನು 15 ಡಿಗ್ರಿ ತೋರಿಸಿದರೆ ಹುಡುಗ "ನಮ್ಮೂರಿನ ಡಿಸೆಂಬರ್ ಅಷ್ಟೇ ತಾನೆ" ಎಂದು ಸ್ವೆಟರ್ ಏರಿಸಿ ಹೊರಡುತ್ತಾನೆ. ಅದು ಫ್ಯಾರನ್‌ಹೀಟ್; ನಮ್ಮ ಲೆಕ್ಕದಲ್ಲಿ ಸೊನ್ನೆಗಿಂತ ಒಂಬತ್ತು ಡಿಗ್ರಿ ಕೆಳಗೆ. ಬಾಗಿಲಲ್ಲಿ ಅಣ್ಣ ತನ್ನ ಎರಡನೇ ಜಾಕೆಟ್ ಹಿಡಿದು ಕಾದಿರುತ್ತಾನೆ. ಬೈಗುಳವೂ ಜೊತೆಗೇ ಸಿಗುತ್ತದೆ, ಅದಕ್ಕೂ ದುಡ್ಡು ಕೇಳುವುದಿಲ್ಲ.

ಕಾಗದಪತ್ರಗಳ ವಿಷಯಕ್ಕೆ ಬಂದರೆ ಅವನು ಹಳೇ ಕಾಲದ ಶಾನುಭೋಗನೇ. ಎಫ್-1 ವೀಸಾದವನು ಪಾಠ ನಡೆಯುವ ದಿನಗಳಲ್ಲಿ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆ ಮೀರಿ ದುಡಿಯುವಂತಿಲ್ಲ. ಓದು ಮುಗಿದ ಮೇಲೆ ಓಪಿಟಿ, ಅಂದರೆ ಅಲ್ಲೇ ಕೆಲಸ ಮಾಡುವ ಅನುಮತಿ, 12 ತಿಂಗಳು; ನಮ್ಮಂಥ ಎಂಜಿನಿಯರುಗಳಿಗೆ ಅದರ ಮೇಲೆ 24. ಒಂದು ಡಾಲರೂ ಸಂಪಾದಿಸದವನೂ ತೆರಿಗೆಯವರ 8843ನೇ ನಂಬರಿನ ಫಾರಂ ತುಂಬಲೇಬೇಕು. ನಿದ್ದೆಗಣ್ಣಲ್ಲಿ ಕೇಳಿದರೂ ಒಪ್ಪಿಸುತ್ತಾನೆ. ವಿದೇಶಿ ವಿದ್ಯಾರ್ಥಿಗಳ ಕಚೇರಿಯಲ್ಲಿ ಅಧಿಕೃತವಾಗಿ ವಿಚಾರಿಸಿ ಬಂದ ಜೂನಿಯರ್‌ಗೂ ಅಣ್ಣ ಒಮ್ಮೆ "ಹೂಂ" ಅನ್ನುವವರೆಗೆ ಸಮಾಧಾನವಿಲ್ಲ.

"ಅಣ್ಣ, ನಿಮ್ ಥೀಸಿಸ್ ಎಲ್ಲೀವರೆಗೆ ಬಂತು?" ಎಂದು ಕೇಳಿದರೆ ಮಾತ್ರ ಹವಾಮಾನದ ಮಾತೆತ್ತುತ್ತಾನೆ. ಗೈಡು ಲಿಫ್ಟಿನಲ್ಲಿ ಬರುವ ಹೊತ್ತಿಗೆ ಇವನು ಮೆಟ್ಟಿಲು ಹಿಡಿಯುತ್ತಾನೆ. ಅವರು ಮೆಟ್ಟಿಲು ಹಿಡಿದ ದಿನ ಗ್ರಂಥಾಲಯ ಸೇರುತ್ತಾನೆ. ಭಾನುವಾರ ದಾವಣಗೆರೆಯಿಂದ ತಾಯಿ ಫೋನ್ ಮಾಡಿ, "ಓದು ಮುಗೀತೇನಪ್ಪಾ?" ಅನ್ನುತ್ತಾರೆ.

"ಪಾಪ, ಹೊಸ ಹುಡುಗ್ರು ಬಂದಿದಾರಮ್ಮ. ಏನೂ ಗೊತ್ತಾಗಲ್ಲ ಅವಕ್ಕೆ. ಮೊದಲು ಅವರನ್ನ ಒಂದು ದಡ ಸೇರಿಸ್ತೀನಿ."