ಕೆಂಪು-ಹಳದಿ ತಂತಿಗಳ ಪಾಠಾಂತರ ಸಮಸ್ಯೆ: ಒಂದು ಜಿಜ್ಞಾಸೆ

ನಿಂತ ಕಾರಿನ ಬ್ಯಾಟರಿಯನ್ನು ಸ್ಟೀರಿಯೋ ಖಾಲಿ ಮಾಡುವ ವಿದ್ಯಮಾನದ ಬಗ್ಗೆ ಪಂಡಿತರಲ್ಲಿ ಎರಡು ಪಂಥಗಳಿವೆ. ‘ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ’ ಎಂಬುದು ಪೂರ್ವಪಕ್ಷ. ಇದರ ಪ್ರತಿಪಾದಕರು ಬಹುಮಟ್ಟಿಗೆ ಬ್ಯಾಟರಿ ಮಾರುವವರು. ‘ವೈರಿಂಗ್ ನೋಡಿ’ ಎಂಬ ಉತ್ತರಪಕ್ಷಕ್ಕೆ ಅನುಯಾಯಿಗಳು ಕಡಿಮೆ. ಡ್ಯಾಶ್‌ಬೋರ್ಡ್ ಬಿಚ್ಚಬೇಕಲ್ಲ!

ಮೂಲಗ್ರಂಥವೇನೋ ಸ್ಪಷ್ಟವಾಗಿದೆ. ಐಎಸ್‌ಒ 10487 ಎಂಬ ಸೂತ್ರದ ಪ್ರಕಾರ ಕನೆಕ್ಟರಿನ ಎ-4ನೇ ಪಿನ್ನಿಗೆ ಸದಾ ಕರೆಂಟು, ಎ-7ಕ್ಕೆ ಕೀ ತಿರುಗಿಸಿದಾಗ ಮಾತ್ರ. ಅಂಗಡಿಯಲ್ಲಿ ಕೊಂಡ ಸೆಟ್ಟುಗಳಲ್ಲಿ ಮೊದಲನೆಯದಕ್ಕೆ ಹಳದಿ ತಂತಿ, ಎರಡನೆಯದಕ್ಕೆ ಕೆಂಪು. ಹಳದಿ ಗಡಿಯಾರದ, ಸ್ಟೇಷನ್ನುಗಳ ನೆನಪು ಕಾಯುತ್ತದೆ. ಒಡೆಯ ಬಂದದ್ದನ್ನೂ ಹೋದದ್ದನ್ನೂ ಕೆಂಪು ತಿಳಿಸುತ್ತದೆ. ಕೆಲವು ವೋಕ್ಸ್‌ವ್ಯಾಗನ್ ಕಾರುಗಳಲ್ಲಿ ಇವೆರಡೂ ಅದಲುಬದಲಾಗಿರುವುದು ಪ್ರಸಿದ್ಧ ಪಾಠಾಂತರ. ಅಲ್ಲಿ ತಂತಿ ಬದಲಿಸದೆ ಸೆಟ್ಟು ಕೂರಿಸಿದರೆ ಕೀ ತೆಗೆದಾಗಲೆಲ್ಲ ಅದು ಪೂರ್ವಜನ್ಮ ಮರೆಯುತ್ತದೆ.

ಸಮಸ್ಯೆ ಹುಟ್ಟುವುದು ಭಾಷ್ಯಕಾರನಿಂದ, ಅಂದರೆ ಫಿಟ್ಟರಿನಿಂದ. ‘ಡೈರೆಕ್ಟ್ ಕೊಟ್ಬಿಟ್ಟಿದೀನಿ ಸಾರ್, ಕೀ ಇಲ್ದೇನೂ ಹಾಡು ಬರತ್ತೆ’ ಎಂದು ಅವನು ಎರಡನ್ನೂ ಹೊಸೆದು ಟೇಪು ಸುತ್ತುತ್ತಾನೆ. ಕೆಂಪು-ಹಳದಿ ಕೂಡಿದ್ದನ್ನು ಕಂಡ ಕನ್ನಡಿಗ ಗ್ರಾಹಕನಿಗೆ ನಾಡಾಭಿಮಾನವೂ ಉಕ್ಕೀತು. ಬಾವುಟಕ್ಕೆ ಶೋಭೆ ತರುವ ಈ ಸಂಯೋಗದಿಂದ ಸೆಟ್ಟಿಗೆ ಮಾತ್ರ ಒಡೆಯ ಹೋದದ್ದು ತಿಳಿಯುವುದೇ ಇಲ್ಲ.

ಇನ್ನೂ ಗಹನವಾದದ್ದು ನೀಲಿ-ಬಿಳಿ ತಂತಿಯ ಪ್ರಕರಣ. ಆಂಪ್ಲಿಫೈಯರನ್ನು ಎಬ್ಬಿಸುವುದೂ ಮಲಗಿಸುವುದೂ ಇದರ ಕೆಲಸ. ಇದನ್ನೂ ಡೈರೆಕ್ಟ್ ಕೊಟ್ಟರೆ ಡಿಕ್ಕಿಯೊಳಗಿನ ಆಂಪು ಹಾಡಿಲ್ಲದೆಯೂ ಜಾಗರಣೆ ಮಾಡುತ್ತದೆ. ಬೆಳಿಗ್ಗೆ ಮುಟ್ಟಿದರೆ ಬೆಚ್ಚಗಿರುತ್ತದೆ.

ನಿಂತ ಕಾರು 50 ಮಿಲಿಆಂಪಿಯರಿನೊಳಗೆ ಎಳೆದರೆ ಸಾಮಾನ್ಯವಾಗಿ ಆಕ್ಷೇಪವಿಲ್ಲ. ಅರ್ಧ ಆಂಪಿಯರ್ ಎಳೆದರೆ, ಸಣ್ಣ ಕಾರಿನ 35 ಆಂಪಿಯರ್-ಗಂಟೆಯ ಬ್ಯಾಟರಿ 70 ಗಂಟೆಯಲ್ಲಿ ಬರಿದು. ಸೆಲ್ಫ್ ಹೊಡೆಯುವ ತ್ರಾಣ ಅದಕ್ಕೂ ಮುಂಚೆಯೇ ಹೋಗಿರುತ್ತದೆ. ಶುಕ್ರವಾರ ಸಂಜೆ ನಿಲ್ಲಿಸಿದ ಕಾರನ್ನು ಸೋಮವಾರ ಬೆಳಿಗ್ಗೆ ನೆರೆಹೊರೆಯವರು ತಳ್ಳುವ ಸಂಪ್ರದಾಯದ ಮೂಲ ಈ ಗಣಿತದಲ್ಲಿದೆ.

ಇನ್ನು ಶೋಧನಾ ವಿಧಾನ. ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಕಳಚಿ, ಕೇಬಲ್ಲಿಗೂ ಟರ್ಮಿನಲ್ಲಿಗೂ ನಡುವೆ ಮಲ್ಟಿಮೀಟರನ್ನು 10 ಆಂಪಿಯರ್ ರೇಂಜಿನಲ್ಲಿ ಸೇರಿಸಬೇಕು. ಕಾರಿನ ಎಲೆಕ್ಟ್ರಾನಿಕ್ಸ್ ನಿದ್ದೆಹೋಗಲು ಅರ್ಧ ಗಂಟೆ ಬೇಕಾದೀತು. ನಡುವೆ ಬಾಗಿಲು ತೆರೆದರೆ ನಿದ್ರಾಭಂಗ, ಸೆಲ್ಫ್ ಹೊಡೆದರೆ ಮೀಟರಿನ ಫ್ಯೂಸ್ ಹುತಾತ್ಮ. ಆಮೇಲೆ ಒಂದೊಂದೇ ಫ್ಯೂಸ್ ಕೀಳಬೇಕು. ಯಾವುದನ್ನು ಕಿತ್ತಾಗ ಅಂಕಿ ಇಳಿಯಿತೋ ಕಳ್ಳ ಅಲ್ಲಿದ್ದಾನೆ. ಆಂಪಿನ ಫ್ಯೂಸ್ ಮಾತ್ರ ಕಾರಿನ ಫ್ಯೂಸ್ ಬಾಕ್ಸಿನಲ್ಲಿ ಸಿಗದು. ಬ್ಯಾಟರಿಯಿಂದ ಹೊರಟ ದಪ್ಪ ತಂತಿಯ ಮೇಲೆ ಹುಡುಕಬೇಕು.

ಪರಿಹಾರ ಒಂದೇ ಸಾಲಿನದು: ಕೆಂಪನ್ನು ಹಳದಿಯಿಂದ ಬಿಡಿಸಿ ಕೀ ಲೈನಿಗೆ, ಆಂಪನ್ನು ಎಬ್ಬಿಸುವ ತಂತಿಯನ್ನು ಸೆಟ್ಟಿನ ನೀಲಿ-ಬಿಳಿಗೆ ಕೊಡುವುದು. ಆಗ ಕೀ ತೆಗೆದೊಡನೆ ಹಾಡು ನಿಲ್ಲುತ್ತದೆ. ಇದನ್ನೇ ಹೊಸ ಕಂಪ್ಲೇಂಟು ಎಂದುಕೊಂಡ ಮನೆಯವರು ಕಾರನ್ನು ಮತ್ತೆ ಅದೇ ಫಿಟ್ಟರಿನ ಹತ್ತಿರ ಒಯ್ಯದಂತೆ ತಡೆಯುವುದು ಪ್ರಸ್ತುತ ಪ್ರಬಂಧದ ವ್ಯಾಪ್ತಿಯನ್ನು ಮೀರಿದ್ದು.