ಏಕಾದಶಿಯ ದಿನ ಎಂಟಾರ್ ಜೊತೆ ಮಾತುಕತೆ

ಇವತ್ತು ಮತ್ತೆ ಏಕಾದಶಿ. ಅಂದಮೇಲೆ ಆ ವಾಟ್ಸಾಪ್ ಸಂದೇಶವೂ ಬಂದಿದೆ. ಯಾವುದೆಂದು ಹೇಳಬೇಕಿಲ್ಲ, ನಿಮಗೂ ಬಂದಿರುತ್ತದೆ: ಉಪವಾಸದ ಗುಟ್ಟಿಗೆ ಜಪಾನಿನವರಿಗೆ ನೊಬೆಲ್ ಬಂತು, ನಮ್ಮ ಅಜ್ಜಿಗೆ ಅದು ಮೊದಲೇ ಗೊತ್ತಿತ್ತು ಎನ್ನುವುದು, ಕೆಳಗೆ ಸಾಲಾಗಿ ಮುಗಿದ ಕೈಗಳು. ಅಜ್ಜಿಯರನ್ನು ಕೆಣಕುವ ಧೈರ್ಯ ನಮಗಿಲ್ಲ. ಜೀವಕೋಶ ತನ್ನದೇ ಹಳೇ ಸರಕನ್ನು ತಿಂದು ಅರಗಿಸಿಕೊಳ್ಳುವ ಆಟೋಫಜಿಗೆ ಲಗಾಮು ಹಿಡಿದಿರುವ ಎಂಟಾರ್ ಎಂಬ ಕಿಣ್ವವನ್ನೇ ಕೇಳಿದೆವು. ಭೇಟಿಯಾದ ಜಾಗ: ಆ ಅರಗಿಸುವ ಕೆಲಸ ನಡೆಯುವ ಲೈಸೋಸೋಮಿನ ಹೊರಗೋಡೆ.

ಇವತ್ತು ನಿಮಗೆ ರಜೆಯಂತೆ?

ಕೊಟ್ಟವರಾರು ಸ್ವಾಮಿ? ಊಟ ಬಿದ್ದರೆ ಅಮೈನೋ ಆಮ್ಲ ಬಂತು, ಅದರಲ್ಲೂ ಲ್ಯೂಸಿನ್ ಬಂತು ಅಂತ ಗೊತ್ತಾಗುತ್ತೆ. ಇನ್ಸುಲಿನ್ ಕೂಡ ಹೇಳಿಕಳಿಸುತ್ತೆ. ಆಗ ಇಲ್ಲಿ ಕೂತು, ಆಟೋಫಜಿ ಶುರು ಮಾಡಿಸೋ ಯುಎಲ್‌ಕೆ1 ಅನ್ನೋ ಕಿಣ್ವಕ್ಕೆ ಫಾಸ್ಫೇಟ್ ಅಂಟಿಸಿ ಸುಮ್ಮನಾಗಿಸ್ತೀನಿ. ಕಟ್ಟೋ ಹೊತ್ತಲ್ಲಿ ಕೆಡವೋದು ಬೇಡವಲ್ಲ. ಊಟ ನಿಂತರೆ ನನ್ನ ಹಿಡಿತ ಸಡಿಲ. ಯುಎಲ್‌ಕೆ1 ಎದ್ದು ಕೆಟ್ಟ ಪ್ರೋಟೀನು, ಹಳೇ ಮೈಟೊಕಾಂಡ್ರಿಯ ಎಲ್ಲ ಸುತ್ತಿ ಇಲ್ಲಿಗೆ ಸಾಗಿಸೋಕೆ ಶುರು ಮಾಡಿಸುತ್ತೆ.

ಉಪವಾಸವೆಂದು ಅನ್ನ ಬಿಟ್ಟು, ಎರಡು ತಟ್ಟೆ ರವೆ ಉಪ್ಪಿಟ್ಟು, ಮೇಲಿಷ್ಟು ಮೊಸರವಲಕ್ಕಿ ತಿಂದರೆ?

ನನಗೆ ಪಂಚಾಂಗ ಓದೋಕೆ ಬರಲ್ಲ. ರವೆಗೂ ಇನ್ಸುಲಿನ್ ಏರುತ್ತೆ, ಮೊಸರಲ್ಲೂ ಲ್ಯೂಸಿನ್ ಇದೆ. ಅದಿರಲಿ, 2016ರ ವಿಷಯ ಕೇಳಿ. ಯೋಶಿನೋರಿ ಓಸುಮಿಗೆ ನೊಬೆಲ್ ಬಂತು. ಬರಲಿ, ದೊಡ್ಡ ಮನುಷ್ಯ. ಯೀಸ್ಟನ್ನು ಹಸಿವಿಗೆ ಕೆಡವಿ ಆಟೋಫಜಿಯ ಜೀನುಗಳನ್ನು ಹುಡುಕಿದರು. ಉಪವಾಸ ಮಾಡಿದ್ದು ಯೀಸ್ಟ್ ಸ್ವಾಮಿ, ಯಾರ ಅಜ್ಜಿಯೂ ಅಲ್ಲ! ಯೀಸ್ಟಿನಲ್ಲಿ ಆಟೋಫಜಿಯನ್ನು ತಡೆಹಿಡಿಯೋದು ನನ್ನ ನೆಂಟ ಟಾರ್ ಅಂತ 1998ರಲ್ಲಿ ಅವರ ಲ್ಯಾಬೇ ಬರೀತು. ಒಬ್ಬರಾದರೂ ಫಾರ್ವರ್ಡ್ ಮಾಡಿದರಾ?

ಸಾಬೂದಾನಿ ಖಿಚಡಿಯಲ್ಲಿ ಪ್ರೋಟೀನೇ ಇರುವುದಿಲ್ಲ ಎನ್ನುತ್ತಾರೆ. (ಇದು ನನ್ನ ಬಹಳ ಕಾಲದ ಅನುಮಾನ.)

ಮತ್ತೆ ಶೇಂಗಾ ಪುಡಿ ಹಾಕಿದ್ದು ಯಾರು? ಅದು ಬಿಡಿ, 1991ರಲ್ಲಿ ಬಾಸೆಲ್‌ನಲ್ಲಿ ಮೈಕೆಲ್ ಹಾಲ್, ಜೋಸೆಫ್ ಹೀಟ್‌ಮನ್, ರಾವ್ ಮೊವ್ವ ಯೀಸ್ಟಿನಲ್ಲಿ ನಮ್ಮ ವಂಶ ಪತ್ತೆ ಮಾಡಿದರು. 2017ರಲ್ಲಿ ಹಾಲ್‌ಗೆ ಲಾಸ್ಕರ್ ಪ್ರಶಸ್ತಿ ಬಂತು. ನಿಮ್ಮ ಫ್ಯಾಮಿಲಿ ಗ್ರೂಪಿಗೆ ಸುದ್ದಿ ಮುಟ್ಟಿತೇ?

ನಿಮ್ಮಿಂದ ಕಾಯಿಲೆಯೂ ಬರುತ್ತದಂತೆ?

ನನ್ನನ್ನು ಹದ್ದುಬಸ್ತಿನಲ್ಲಿಡೋ ಟಿಎಸ್‌ಸಿ ಜೀನು ಕೆಟ್ಟರೆ ನಾನು ನಿಲ್ಲೋದೇ ಇಲ್ಲ. ಮೆದುಳು, ಮೂತ್ರಪಿಂಡದಲ್ಲಿ ಗಡ್ಡೆ ಏಳುತ್ತವೆ. ಸರಿ, ಒಪ್ಪಿದೆ. ನೊಬೆಲ್ ವಿಷಯಕ್ಕೆ...

ನಿಮ್ಮನ್ನು ಅಡಗಿಸಿದರೆ ಆಯುಸ್ಸು ಹೆಚ್ಚುತ್ತದಂತೆ?

ಇಲಿಗಳಿಗೆ ಹೆಚ್ಚಿತು. ಮನುಷ್ಯರ ಲೆಕ್ಕ ಇನ್ನೂ ಸಾಬೀತಾಗಿಲ್ಲ. ನನ್ನನ್ನು ಅಡಗಿಸೋ ಮದ್ದು ರಾಪಮೈಸಿನ್. 1964ರ ಕೊನೆಗೆ ಹೊರಟ ಕೆನಡಾದ ತಂಡ ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಸಿಕ್ಕಿದ್ದು. ಅದರ ಮೇಲೆ ಕೆಲಸ ನಡೆಸಿದ್ದ ಔಷಧ ಕಂಪನಿ ಕೈಬಿಟ್ಟಾಗ ಅಲ್ಲಿನ ವಿಜ್ಞಾನಿ ಸುರೇಂದ್ರನಾಥ ಸೆಹಗಲ್ ಮನೆಯ ಫ್ರೀಜರಿನಲ್ಲಿಟ್ಟು ಕಾಪಾಡಿದರು. ಮೂತ್ರಪಿಂಡ ಕಸಿಯಾದವರಿಗೆ ಕೊಡ್ತಾರೆ, ರೋಗನಿರೋಧಕ ಶಕ್ತಿ ತಗ್ಗಿಸೋಕೆ! ನನ್ನ ಕತ್ತು ಹಿಸುಕೋ ಆ ಮದ್ದಿನ ಹೆಸರಲ್ಲೇ ನನಗೆ ನಾಮಕರಣ ಬೇರೆ.

ಹದಿನಾರು ಗಂಟೆ ಹೊಟ್ಟೆ ಕಟ್ಟಿದರೆ ಕ್ಯಾನ್ಸರನ್ನು ದೇಹವೇ ತಿಂದುಹಾಕುತ್ತದೆ ಎಂದೂ ಆ ಸಂದೇಶದಲ್ಲಿ...

ಅಲ್ಲಿಗೆ ನಿಲ್ಲಿಸಿ. ಗಡ್ಡೆ ಬೆಳೆದ ಮೇಲೆ ಅದರ ಕೋಶಗಳೂ ಹಸಿವಾದಾಗ ಇದೇ ಆಟೋಫಜಿಯಿಂದ ಜೀವ ಉಳಿಸಿಕೊಳ್ಳಬಲ್ಲವು. ಕೀಮೋದಿಂದ ಮೈ ಇಳಿದುಹೋದ ಹೆಂಗಸಿನ ಮುಂದಿನ ತಟ್ಟೆ ಎತ್ತಿಸಿದ್ದು ಯಾರು? ಇನ್ಸುಲಿನ್ ಚುಚ್ಚಿಕೊಂಡ ಯಜಮಾನರು ನಿಮ್ಮ ಮಾತು ನಂಬಿ ಊಟ ಬಿಟ್ಟು, ಸಕ್ಕರೆ ಇಳಿದು ಬಚ್ಚಲಲ್ಲಿ ಬಿದ್ದರೆ, ಕಳಿಸಿದವನು ಆಸ್ಪತ್ರೆಗೆ ಬರ್ತಾನಾ? ಯೀಸ್ಟಿನ ಪ್ರಯೋಗ ತೋರಿಸಿ ರೋಗಿಯ ಅನ್ನ ಕಿತ್ತುಕೊಳ್ತೀರಲ್ಲ, ನಾಚಿಕೆ ಆಗಲ್ವಾ? ದೇವರಿಗೆ ಅಂತ ಉಪವಾಸ ಮಾಡಿ, ಬೇಡ ಅನ್ನಲ್ಲ. ಅದಕ್ಕೆ ನನ್ನ ಸಹಿ ಯಾಕೆ?

ಇದನ್ನು ಹೀಗೇ ಅಚ್ಚು ಹಾಕಬಹುದೇ?

ಹಾಕಿ. ಸಕ್ಕರೆ ಕಾಯಿಲೆಯವರು ಡಾಕ್ಟರನ್ನು ಕೇಳದೆ ಊಟ ಬಿಡಬಾರದು ಅನ್ನೋದು ದಪ್ಪಕ್ಷರದಲ್ಲಿ ಬರಲಿ. ನೊಬೆಲ್ ವಿಷಯ ಅದರ ಕೆಳಗೆ ಬಂದರೂ ನಡೆಯುತ್ತೆ.